ಶೂನ್ಯಮಾಸದ ಆಟಗಳು

ಇವತ್ತು ಬೆಳಿಗ್ಗೆ ಅಂಗಡಿಯ ಶಟರ್ ಎತ್ತುತ್ತಿದ್ದಾಗ ಎದುರು ಬೀದಿಯ ಗುಡಿಯ ಕಡೆಯಿಂದ ಹುಗ್ಗಿಯ ವಾಸನೆ ಬಂತು. ತುಪ್ಪದಲ್ಲಿ ಸಿಡಿದ ಮೆಣಸು, ಹೆಸರುಬೇಳೆ, ಸ್ವಲ್ಪ ತಳ ಹಿಡಿದ ಅಕ್ಕಿ. ಧನುರ್ಮಾಸ ಬಂತೆಂದು ಪಂಚಾಂಗ ನೋಡದೆಯೇ ತಿಳಿಸುವ ವಾಸನೆ ಅದು. ಬೇರೆಯವರಿಗೆ ಅದರಿಂದ ಭಕ್ತಿ ಬರುತ್ತದೆ, ಇಲ್ಲವೇ ಹಸಿವೆಯಾಗುತ್ತದೆ. ನನಗೆ ಮಾತ್ರ ನಿಂತಲ್ಲಿ ಕಾಲು ನಿಲ್ಲುವುದಿಲ್ಲ. ಶಟರನ್ನು ಅರ್ಧಕ್ಕೆ ಎತ್ತಿ ಒಳಗೆ ಹೋದೆ, ಯಾಕೆ ಹೋದೆ ಎನ್ನುವುದು ಮರೆತು ಹೊರಗೆ ಬಂದೆ, ಮಫ್ಲರಿಗಾಗಿ ಬಂದಿದ್ದು ಎಂದು ನೆನಪಾಗಿ ಮತ್ತೆ ಒಳಗೆ ಹೋದೆ. ಪಕ್ಕದ ಬಟ್ಟೆ ಅಂಗಡಿಯವರು ನೋಡಿ ನಕ್ಕರು.

"ಶುರುವಾತೇನ್ರೀ ನಿಮ್ಮ ಫುಟ್‌ಬಾಲು?"

ಇದು ವಿವರಿಸಬೇಕಾದ ವಿಷಯ. ಶಿರಾಳಕೊಪ್ಪದ ಬಸ್ ಸ್ಟ್ಯಾಂಡಿನ ಎದುರಿಗೆ ನನ್ನದೊಂದು ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ. ಧನುರ್ಮಾಸದಲ್ಲಿ ಮದುವೆಗಳಿಲ್ಲ. ಅದಕ್ಕೆ ಶೂನ್ಯಮಾಸ ಎಂದು ಯಾಕೆ ಹೆಸರು ಬಂತೆಂಬುದಕ್ಕೆ ತಿಳಿದವರು ನಾನಾ ಅರ್ಥ ಹೇಳುತ್ತಾರೆ. ನನಗೆ ಗೊತ್ತಿರುವ ಅರ್ಥ ಒಂದೇ: ಅಂಗಡಿಗೆ ಯಾರೂ ಬರುವುದಿಲ್ಲ. ನನಗೆ ಮಾತ್ರವಲ್ಲ, ಶಾಮಿಯಾನದವರಿಗೆ, ಬ್ಯಾಂಡಿನವರಿಗೆ, ಅಡುಗೆಯವರಿಗೆ, ಫೋಟೋದವರಿಗೆ, ಹೂವಿನ ಹಾರದವರಿಗೆ, ಎಲ್ಲರಿಗೂ ಕೈ ಖಾಲಿ. ಹೀಗೆ ಖಾಲಿ ಕುಳಿತವರು ಒಂದು ವರ್ಷ ಬೇಸರ ಕಳೆಯಲು ಸಂತೆ ಮೈದಾನದಲ್ಲಿ ಚೆಂಡು ಒದೆಯತೊಡಗಿದರು. ಸಂತೆ ಎದ್ದುಹೋದ ನೆಲದಲ್ಲಿ ಈರುಳ್ಳಿ ಸಿಪ್ಪೆಯ ಮೇಲೆ ಜಾರುತ್ತ ಬೀಳುತ್ತ ಆಡಿದ ಆ ಆಟದಿಂದಲೇ ನಮ್ಮ ಸಂತೆಬಯಲು ಬಳಗ ಹುಟ್ಟಿತು. ಹನ್ನೊಂದು ತಿಂಗಳು ಮದುವೆ ಮಾಡಿಸುವವರು ಒಂದು ತಿಂಗಳು ಫುಟ್‌ಬಾಲ್ ಆಡುತ್ತಾರೆ. ನಾಯಕ ರಫೀಕ್ ಬ್ಯಾಂಡ್ ಸೆಟ್ಟಿನಲ್ಲಿ ದೊಡ್ಡ ಡ್ರಮ್ ಬಾರಿಸುವವನು. "ಲಗ್ನದಾಗ ಕೈ, ಶೂನ್ಯಮಾಸದಾಗ ಕಾಲು. ಒಟ್ಟಿನಾಗ ಬಡಿಯೋದ ನನ್ನ ಕೆಲಸ" ಎನ್ನುತ್ತಾನೆ.

ನಾನು ಆಡುವವನಲ್ಲ, ನೋಡುವವನು. ಒಮ್ಮೆ ಮಾತ್ರ, ಚೆಂಡು ಗೆರೆ ದಾಟಿ ನನ್ನ ಕಾಲ ಬುಡಕ್ಕೆ ಬಂದಾಗ, ಎಲ್ಲರೂ ನೋಡುತ್ತಿದ್ದಾರೆಂಬ ಹುಮ್ಮಸ್ಸಿನಲ್ಲಿ ಒದ್ದೆ. ಚೆಂಡು ಅಲ್ಲೇ ಉಳಿಯಿತು, ಚಪ್ಪಲಿ ಹಾರಿ ಹೋಗಿ ಗೋಲಿನ ಕಂಬಗಳ ನಡುವೆ ಬಿತ್ತು. ಆ ವರ್ಷ ಇಡೀ ಶೂನ್ಯಮಾಸದಲ್ಲಿ ನಮ್ಮ ಕಡೆಯಿಂದ ಗೋಲಿನೊಳಗೆ ಹೋದ ವಸ್ತು ಅದೊಂದೇ ಎಂದು ಹುಡುಗರು ಇಂದಿಗೂ ಹೇಳುತ್ತಾರೆ. ಅತಿಶಯೋಕ್ತಿಯಲ್ಲ. ಶಿಕಾರಿಪುರ, ಸೊರಬ, ಜಡೆ ಮತ್ತು ನಾವು, ಹೀಗೆ ನಾಲ್ಕು ತಂಡಗಳು ಭಾನುವಾರಗಳಲ್ಲಿ ಆಡುತ್ತಿದ್ದೆವು. ನಮಗೆ ಗೋಲೆಂಬುದು ಒಲಿಯುತ್ತಿರಲಿಲ್ಲ. ಚೆಂಡು ಕಂಬಕ್ಕೆ ಬಡಿಯುತ್ತಿತ್ತು, ಮೇಲೆ ಹಾರುತ್ತಿತ್ತು, ಜಡೆಯ ಕೊಯ್ದ ಗದ್ದೆಯಲ್ಲಿ ಆಡುವಾಗ ಭತ್ತದ ಕೂಳೆಗೆ ತಾಗಿ ಬೇರೆಯೇ ದಿಕ್ಕು ಹಿಡಿಯುತ್ತಿತ್ತು.

"ಅಣ್ಣಾ, ಮುಹೂರ್ತನ ಇಲ್ದ ತಿಂಗಳದಾಗ ಗೋಲ್ ಹ್ಯಾಂಗ ಕೂಡಿ ಬರ್ತೈತಿ?" ಎಂದು ರಫೀಕನೇ ನನ್ನನ್ನು ಸಮಾಧಾನ ಮಾಡುತ್ತಿದ್ದ.

ಸಮಾಧಾನ ಮಾಡಬೇಕಾದಷ್ಟು ನಾನು ಚಡಪಡಿಸುತ್ತಿದ್ದುದು ನಿಜ. ಆಟ ನೋಡುವಾಗ ಕೂರಲು ನನ್ನಿಂದಾಗುವುದಿಲ್ಲ. ಗೆರೆಯುದ್ದಕ್ಕೂ ಹೋಗುತ್ತೇನೆ, ಬರುತ್ತೇನೆ. ಚೆಂಡು ನಮ್ಮ ಗೋಲಿನ ಹತ್ತಿರ ಬಂದರೆ ಬೆನ್ನು ತಿರುಗಿಸಿ ನಿಲ್ಲುತ್ತೇನೆ, ಮತ್ತೆ ತಡೆಯಲಾರದೆ ತಿರುಗಿ ನೋಡುತ್ತೇನೆ. ಈ ರೋಗ ನನ್ನಿಂದ ಅಂಟಿದ್ದು ಒಬ್ಬಳಿಗೇ, ನನ್ನ ಅಕ್ಕ ಸರೋಜಳ ಮಗಳು ಶೈಲಾಗೆ. ಭಾವ ಬೇಗ ತೀರಿಕೊಂಡದ್ದರಿಂದ ಅಕ್ಕ ಮಗಳನ್ನು ಕರೆದುಕೊಂಡು ನಮ್ಮ ಬೀದಿಗೇ ಬಂದು ನೆಲೆಸಿದ್ದಳು. ಶೈಲಾ ಫ್ರಾಕು ಹಾಕುವ ವಯಸ್ಸಿನಿಂದ ನನ್ನ ಜೊತೆ ಮೈದಾನಕ್ಕೆ ಬರುತ್ತಿದ್ದವಳು. ದೊಡ್ಡವಳಾಗಿ, ಓದು ಮುಗಿಸಿ, ಊರಿನ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿದ ಮೇಲೂ ಭಾನುವಾರದ ಆಟ ಬಿಡಲಿಲ್ಲ. ಗೆರೆಯ ಆ ತುದಿಯಿಂದ ಅವಳು, ಈ ತುದಿಯಿಂದ ನಾನು. ನಡುವೆ ಎದುರಾದಾಗ ಒಬ್ಬರ ಮುಖ ಒಬ್ಬರು ನೋಡಿ "ಥೂ" ಎಂದು ಮುಂದೆ ಹೋಗುತ್ತಿದ್ದೆವು.

ಏಳೆಂಟು ವರ್ಷಗಳ ಹಿಂದಿನ ಮಾತು. ಶೈಲಾಗೆ ಸೊರಬದಿಂದ ಒಂದು ಸಂಬಂಧ ಬಂತು. ಹುಡುಗ ಗಿರೀಶ, ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಉದ್ದನೆಯ ಆಳು, ಮಾತು ಕಡಿಮೆ, ನಗುವಾಗ ನೆಲ ನೋಡುತ್ತಾನೆ. ತಂದೆ ವೀರಭದ್ರಪ್ಪನವರು ಸೊರಬದಲ್ಲಿ ನಾಲ್ಕು ಜನರಿಗೆ ಬೇಕಾದವರು. ಹೆಣ್ಣು ನೋಡಲು ಬಂದ ದಿನ, ಸಂಬಳ ಸಾರಿಗೆ ವಿಚಾರಿಸಬೇಕಾದ ಸೋದರಮಾವನಾದ ನಾನು, ಹುಡುಗನ ಕಾಲಿನ ಮೇಲಿದ್ದ ಗಾಯದ ಗುರುತು ನೋಡಿ "ನೀವು ಫುಟ್‌ಬಾಲ್ ಆಡ್ತೀರಾ?" ಎಂದು ಕೇಳಿಬಿಟ್ಟೆ.

"ಹೌದು. ಸೊರಬದ ತಂಡದಲ್ಲಿ. ಹಿಂದೆ, ಡಿಫೆನ್ಸಲ್ಲಿ" ಎಂದ ಗಿರೀಶ.

"ತಂಡಕ್ಕೆ ನಾನೇ ಅಧ್ಯಕ್ಷ" ಎಂದರು ವೀರಭದ್ರಪ್ಪನವರು, ಶಾಲು ಸರಿಮಾಡಿಕೊಳ್ಳುತ್ತ.

ಅಕ್ಕ ನನ್ನನ್ನು ಕಣ್ಣಲ್ಲೇ ಬೈದಳು. ಕಾಫಿ ತಂದಿದ್ದ ಶೈಲಾ ಮಾತ್ರ ಆಗಲೇ ಮೊದಲ ಬಾರಿಗೆ ತಲೆಯೆತ್ತಿ ಹುಡುಗನನ್ನು ಸರಿಯಾಗಿ ನೋಡಿದ್ದು.

ಇಬ್ಬರಿಗೂ ಒಪ್ಪಿಗೆಯಾಯಿತು. ಆದರೆ ಅಷ್ಟರಲ್ಲಿ ಶೂನ್ಯಮಾಸ ಹಿಡಿಯಿತು. ವೀಳ್ಯ ಬದಲಾಯಿಸುವುದು ಸಂಕ್ರಾಂತಿಯಾದ ಮೇಲೆಯೇ ಎಂದು ವೀರಭದ್ರಪ್ಪನವರು ಹೇಳಿ ಹೋದರು. ಹೀಗಾಗಿ ಶೈಲಾ ಒಂದು ತಿಂಗಳ ಮಟ್ಟಿಗೆ ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಯಾರಾದರೂ "ಗಂಡು ಗೊತ್ತಾತಂತಲ್ಲ ಮಗಳಿಗೆ?" ಎಂದು ಕೇಳಿದರೆ ಅಕ್ಕ "ಆದಂಗ ಐತಿ" ಎನ್ನುತ್ತಿದ್ದಳು. ಆ ಚಳಿಗಾಲದಲ್ಲಿ ಅಕ್ಕನಿಗೆ ಮಾತುಕತೆ ಮುರಿದೀತೆಂಬ ಚಿಂತೆ, ನನಗೆ ತಂಡದ ಚಿಂತೆ. ಶೈಲಾಗೆ ಎರಡೂ. ಗಿರೀಶ ಅವಳಿಗೆ ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರದೊಂದಿಗೆ 'ಶುಭೋದಯ' ಕಳಿಸುತ್ತಿದ್ದ. ಅವಳು ತಿರುಗಿ ಒಂದು ಸೂರ್ಯನನ್ನು ಕಳಿಸುತ್ತಿದ್ದಳು. ಅಷ್ಟರ ಮೇಲೆ ಇಬ್ಬರಿಗೂ ಮಾತು ಮುಂದುವರಿಸಲು ಬರುತ್ತಿರಲಿಲ್ಲ.

ಆ ವರ್ಷ ನಾವು ಶಿಕಾರಿಪುರದವರಿಗೆ ಸೋತೆವು, ಜಡೆಯ ಗದ್ದೆಯಲ್ಲಿ ಗೋಲಿಲ್ಲದೆ ಸಮ ಮಾಡಿಕೊಂಡು ಬಂದೆವು. ಸಂಕ್ರಾಂತಿಯ ಹಿಂದಿನ ಭಾನುವಾರ ಸೊರಬದಲ್ಲಿ ಸೊರಬದವರ ಮೇಲೆ ಆಟ. ಗೆದ್ದರೆ ನಾಲ್ಕು ತಂಡಗಳ ಕಪ್ಪು ಅವರಿಗೆ. ನಮಗೆ ಕಪ್ಪಿನ ಆಸೆಯಿಲ್ಲ, ಒಂದು ಗೋಲು ಹೊಡೆದು ಶೂನ್ಯದಿಂದ ಹೊರಗೆ ಬಂದರೆ ಸಾಕಿತ್ತು.

ಹಿಂದಿನ ದಿನ ಅಕ್ಕ ನನ್ನ ಅಂಗಡಿಗೇ ಬಂದು ನಿಂತಳು. "ನಾಳೆ ಆಕಿ ಬರೂದು ಬ್ಯಾಡ. ಬೀಗರಾಗೋರ ಊರಾಗ ಗೆರಿ ಮ್ಯಾಲೆ ಓಡಾಡಿ ಕೂಗಿದ್ರ ಏನ್ ಅಂದ್ಕೋತಾರ? ನೀ ಆದ್ರೂ ಹೇಳು."

ಹೇಳಿದೆ. ಶೈಲಾ ದುಪಟ್ಟಾ ಸೊಂಟಕ್ಕೆ ಕಟ್ಟಿಕೊಳ್ಳುತ್ತ, "ಮಾವ, ವೀಳ್ಯ ಬದಲಾಯಿಸಿಲ್ಲ ಇನ್ನೂ. ಅಲ್ಲಿವರೆಗೂ ನಾನು ಶಿರಾಳಕೊಪ್ಪದೋಳೇ" ಎಂದಳು. ನಿಜ ಹೇಳಬೇಕೆಂದರೆ, ಅವಳನ್ನು ತಡೆಯುವ ಆಸೆ ನನಗೂ ಇರಲಿಲ್ಲ.

ಶಾಮಿಯಾನದ ಟೆಂಪೋದಲ್ಲಿ ಹೋದೆವು. ಸೊರಬದ ಮೈದಾನದ ಒಂದು ಬದಿಗೆ ಪೆಂಡಾಲು ಹಾಕಿ, ನಡುವಿನ ಕುರ್ಚಿಯಲ್ಲಿ ವೀರಭದ್ರಪ್ಪನವರು ಕುಳಿತಿದ್ದರು. ನಾನು ಹೋಗಿ ಕೈಮುಗಿದೆ. ಪಕ್ಕದ ಕುರ್ಚಿ ತೋರಿಸಿದರು. ಕೂತೆ. ಆಟ ಶುರುವಾಗಿ ನಮ್ಮವರು ಚೆಂಡನ್ನು ಎರಡು ಸಲ ಮುಂದೆ ತಳ್ಳುವಷ್ಟರಲ್ಲಿ ಎದ್ದುಬಿಟ್ಟಿದ್ದೆ. "ಸ್ವಲ್ಪ ಬೆನ್ನುನೋವು" ಎಂದು ಗೊಣಗಿ ನಮ್ಮ ಜನ ನಿಂತಿದ್ದ ಎದುರು ಬದಿಗೆ ನಡೆದೆ.

ಅಂಥ ಆಟವನ್ನು ನಮ್ಮವರು ಅದಕ್ಕೆ ಮೊದಲು ಆಡಿರಲಿಲ್ಲ. ಹೋಳಿಗೆ ತಟ್ಟುವ ಕೈಯಲ್ಲೇ ಗೋಲು ಕಾಯುವ ನಮ್ಮ ಗೋಲಿ ಎರಡು ಚೆಂಡು ಹಿಡಿದ. ಫೋಟೋದ ಹುಡುಗ ಎಡಗಡೆಯಿಂದ ಓಡಿದ್ದೇ ಓಡಿದ್ದು. ಗಿರೀಶನೂ ಚೆನ್ನಾಗಿ ಆಡುತ್ತಿದ್ದ, ಎತ್ತರಕ್ಕೆ ಬಂದ ಚೆಂಡೆಲ್ಲ ಅವನದೇ. ಶೈಲಾ ಅವನನ್ನು ನೋಡುತ್ತಿದ್ದಾಳೋ ಚೆಂಡನ್ನೋ ಎಂದು ನಾನು ಒಂದೆರಡು ಸಲ ಗಮನಿಸಿದೆ. ಚೆಂಡನ್ನೇ ನೋಡುತ್ತಿದ್ದಳು.

ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿತ್ತು. ಇಳಿಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಎಡಗಡೆಯಿಂದ ತೇಲಿ ಬಂದ ಚೆಂಡಿಗೆ ರಫೀಕ್ ತಲೆ ಕೊಟ್ಟ. ಅವರ ಗೋಲಿ ಆಗಲೇ ನೆಲಕ್ಕೆ ಬಿದ್ದಿದ್ದ. ಚೆಂಡು ನಿಧಾನವಾಗಿ, ನಮ್ಮೆಲ್ಲರ ಉಸಿರು ಹಿಡಿದುಕೊಂಡು, ಕಂಬಗಳ ನಡುವೆ ಹೋಗುತ್ತಿತ್ತು. ಗೆರೆಯ ಮೇಲೆ ನಿಂತಿದ್ದ ಗಿರೀಶ ಹಾರಿದ. ತಲೆ ಎಟುಕಲಿಲ್ಲ. ಬಲಗೈ ಚಾಚಿ ಚೆಂಡನ್ನು ಹೊರಗೆ ತಳ್ಳಿದ.

ಗೋಲಿಯನ್ನು ಬಿಟ್ಟು ಇನ್ಯಾರೂ ಚೆಂಡಿಗೆ ಕೈ ಹಚ್ಚುವಂತಿಲ್ಲ ಎನ್ನುವುದು ಈ ಆಟದ ಅಆಇಈ. ಆದರೆ ರೆಫರಿಯಾಗಿದ್ದ ಪಿ.ಟಿ. ಮೇಷ್ಟ್ರು ಬಿಸಿಲಿಗೆ ಹಣೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದರು. ಸೀಟಿ ಊದಲಿಲ್ಲ. ಆಗ ನನ್ನ ಪಕ್ಕದಿಂದ ಗಾಳಿ ಬೀಸಿದಂತಾಯಿತು. ಶೈಲಾ ಸುಣ್ಣದ ಗೆರೆಯನ್ನೂ ದಾಟಿ ಮೈದಾನದೊಳಗೆ ಹೋಗಿದ್ದಳು.

"ಕೈ! ಕೈ! ಗಿರೀಶ್, ಕೈ ಹಾಕಿದ್ರಿ ನೀವು!"

ಮೈದಾನಕ್ಕೆ ಮೈದಾನವೇ ಅವಳ ಕಡೆ ತಿರುಗಿತು. ಕೈ ಎಂದು ಕೂಗಿದವರು ನಾವೂ ಇದ್ದೆವು, ಅದು ದೊಡ್ಡ ಮಾತಲ್ಲ. ನಾಳೆ ತಾಳಿ ಕಟ್ಟುವ ಗಂಡಿನ ಹೆಸರನ್ನು ಅವನ ಊರಿನಲ್ಲಿ, ಅವನ ತಂದೆಯ ಎದುರಿಗೆ, ಹುಡುಗಿಯೊಬ್ಬಳು ಹೀಗೆ ಕೂಗಿ ಕರೆದದ್ದನ್ನು ಸೊರಬದವರು ಕೇಳಿರಲಿಲ್ಲ. ಪೆಂಡಾಲಿನಲ್ಲಿ ವೀರಭದ್ರಪ್ಪನವರು ಎದ್ದು ನಿಂತರು.

ಮೇಷ್ಟ್ರು ಒಳ್ಳೆಯ ಮನುಷ್ಯ. ಗಿರೀಶನ ಹತ್ತಿರ ಹೋಗಿ, "ನೀನೇ ಹೇಳಪ್ಪ. ಕೈ ತಾಗಿತಾ?" ಎಂದು ಕೇಳಿದರು.

ಗಿರೀಶ ಶೈಲಾಳ ಕಡೆ ನೋಡಿದ. ಅವಳೂ ಅವನನ್ನೇ ನೋಡುತ್ತಿದ್ದಳು.

"ಇಲ್ಲ ಸರ್" ಎಂದ.

ಆಟ ಮುಂದುವರಿಯಿತು. ನಮ್ಮವರಿನ್ನೂ ಕೈಯೆತ್ತಿಕೊಂಡು ವಾದಿಸುತ್ತಿರುವಾಗಲೇ ಸೊರಬದವರು ಚೆಂಡನ್ನು ಆ ತುದಿಗೆ ಒಯ್ದು ಗೋಲು ಹೊಡೆದರು. ಸೋತೆವು. ವಾಪಸ್ ಬರುವಾಗ ಟೆಂಪೋದಲ್ಲಿ ಹುಡುಗರೆಲ್ಲ ಗಿರೀಶನ ಹೆಸರು ಹೇಳದೆಯೇ ಗಿರೀಶನನ್ನು ಬೈದರು. ಶೈಲಾ ಹಿಂದಿನ ಹಲಗೆಗೆ ಒರಗಿ ರಸ್ತೆ ನೋಡುತ್ತಿದ್ದಳು. ಅರ್ಧ ದಾರಿಯಲ್ಲಿ ನನ್ನ ಕಡೆ ತಿರುಗಿ, "ಸೋತಿದ್ದಕ್ಕೆ ಏನೂ ಅನ್ನಿಸ್ತಿಲ್ಲ ಮಾವ. ಸೋಲೋದು ನಮಗೇನು ಹೊಸದಾ? ನನ್ನ ಮುಖ ನೋಡಿಕೊಂಡೇ 'ಇಲ್ಲ' ಅಂದ್ರಲ್ಲ, ಅದಕ್ಕೆ" ಎಂದಳು.

ಅಕ್ಕನಿಗೆ ಸುದ್ದಿ ನಮಗಿಂತ ಮೊದಲು ಮುಟ್ಟಿತ್ತು. ಅವಳು ಅಡುಗೆಮನೆಯಿಂದ ಹೊರಗೆ ಬರಲೇ ಇಲ್ಲ. ಮಾರನೆಯ ದಿನ ವೀರಭದ್ರಪ್ಪನವರ ಫೋನ್ ಬಂತು. ಸಿಟ್ಟಿನ ಮಾತಿಲ್ಲ. "ಹುಡುಗಿ ಸ್ವಲ್ಪ ಬಾಯಿ ಜೋರು ಅಂತ ನಮ್ಮ ಕಡೆಯೋರು ಆಡ್ತಾ ಇದಾರೆ. ಹಬ್ಬ ಮುಗಿಸ್ಕೊಂಡು ಬರ್ತೀವಿ. ಅವಳು ಒಂದು ಮಾತು, ತಪ್ಪಾಯ್ತು ಅಂದ್ರೆ ಮುಗೀತು" ಎಂದರು. ಅಕ್ಕ ಫೋನಿಗೇ ಕೈಮುಗಿದಳು.

ಆ ಮುಂದಿನ ದಿನಗಳು ನನಗೆ ಯಾವ ಆಟಕ್ಕಿಂತಲೂ ಕಷ್ಟವಾದವು. ಅಂಗಡಿಯಲ್ಲಿ ಕೆಲಸವಿಲ್ಲ. ಅಕ್ಷರದ ಮಾದರಿಗಳನ್ನು ತೆಗೆದು ಒರೆಸುವುದು, ಮತ್ತೆ ಇಡುವುದು. ಗಿರೀಶ ಏನೂ ಆಗಿಲ್ಲವೆಂಬಂತೆ ಬೆಳಿಗ್ಗೆ ಬೆಳಿಗ್ಗೆ ಗುಲಾಬಿ ಕಳಿಸುತ್ತಲೇ ಇದ್ದ. ಶೈಲಾ ಸೂರ್ಯನನ್ನು ಕಳಿಸುವುದು ಬಿಟ್ಟಿದ್ದಳು. ಪ್ರತಿ ಗುಲಾಬಿಗೂ ಅವಳ ಉತ್ತರ ಒಂದೇ ಪದ: "ಕೈ?"

ಅದಕ್ಕೆ ಅವನಿಂದ ಉತ್ತರವಿಲ್ಲ. ಮಾರನೆಯ ಬೆಳಿಗ್ಗೆ ಮತ್ತೆ ಗುಲಾಬಿ. ಮತ್ತೆ "ಕೈ?" ಸಂಕ್ರಾಂತಿಯ ದಿನ ಎಳ್ಳುಬೆಲ್ಲದ ತಟ್ಟೆಯ ಚಿತ್ರ ಬಂತು. ಅದಕ್ಕೂ "ಕೈ?" ಶೈಲಾ ಫೋನ್ ತಂದು ತೋರಿಸಿದಾಗ ನಾನು ನಕ್ಕೆ, ಅವಳು ನಗಲಿಲ್ಲ.

ಹಬ್ಬ ಕಳೆದು ಅವರು ಬಂದರು. ವೀರಭದ್ರಪ್ಪನವರು, ಅವರ ಅಣ್ಣ, ಗಿರೀಶ. ಅಕ್ಕ ಉಪ್ಪಿಟ್ಟು, ಬಾಳೆಹಣ್ಣು ತಂದಿಟ್ಟಳು. ಬೆಳೆಯ ಮಾತು, ಚಳಿಯ ಮಾತು ಆಯಿತು. ಆಮೇಲೆ ವೀರಭದ್ರಪ್ಪನವರು ಗಂಟಲು ಸರಿಮಾಡಿಕೊಂಡರು.

"ನೋಡಮ್ಮ, ಹುಡುಗು ಉತ್ಸಾಹ ಎಲ್ಲರಿಗೂ ಇರ್ತದೆ. ಊರ ಮುಂದೆ ಆಗಿದ್ದರಿಂದ ಒಂದು ಮಾತು ಅಂದುಬಿಡು. ನಾವು ಮರೀತೀವಿ."

ಶೈಲಾ ಬಾಗಿಲ ಹತ್ತಿರ ನಿಂತಿದ್ದಳು. "ಹೆಸರು ಹಿಡಿದು ಕರೆದಿದ್ದಕ್ಕೆ ತಪ್ಪಾಯ್ತು ಅಂತೀನಿ ರೀ. ಕಂಡಿದ್ದಕ್ಕೆ ತಪ್ಪಾಯ್ತು ಅನ್ನಲ್ಲ."

"ಶೈಲಾ!" ಎಂದಳು ಅಕ್ಕ.

"ಇರ್ಲಿ ಬಿಡಿ" ಎಂದು ವೀರಭದ್ರಪ್ಪನವರು, "ಅಷ್ಟು ದೂರದಿಂದ, ಆ ಬಿಸಿಲಲ್ಲಿ, ನಿನಗೆ ಸರಿಯಾಗಿ ಕಾಣ್ತಾ?" ಎಂದು ಕೇಳಿದರು.

"ಊರೋರ ಕಣ್ಣು ಪರೀಕ್ಷೆ ಮಾಡೋದೇ ನನ್ನ ಕೆಲಸ. ನನಗೆ ಕಾಣಲ್ಲ ಅಂದ್ರೆ ಹ್ಯಾಗೆ?"

ನಗು ಬರುವ ಮಾತೇ. ಯಾರೂ ನಗಲಿಲ್ಲ. ಗಿರೀಶ ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟ. ನೆಲ ನೋಡುತ್ತಲೇ, "ಅಪ್ಪಾ, ತಾಗಿದ್ದಲ್ಲ. ನಾನೇ ತಳ್ಳಿದ್ದು" ಎಂದ.

"ಏನು?"

"ಚೆಂಡು. ಕೈಯಲ್ಲಿ ತಳ್ಳಿದೆ. ಅದು ಗೋಲಾಗ್ತಿತ್ತು."

ವೀರಭದ್ರಪ್ಪನವರ ಮುಖ ಕೆಂಪಾಯಿತು. "ಈಗ ಅದನ್ನ ಹೇಳು ಅಂತ ನಿನ್ನ ಯಾರಾದ್ರೂ ಕೇಳಿದ್ರಾ?"

"ದಿನಾ ಕೇಳ್ತಾ ಇದ್ರು" ಎಂದ ಗಿರೀಶ.

ವೀರಭದ್ರಪ್ಪನವರಿಗೆ ಅದು ಅರ್ಥವಾಗಲಿಲ್ಲ. ಅರ್ಥವಾಗಿದ್ದು ಇಷ್ಟೇ: ಪೆಂಡಾಲು ಹಾಕಿ ಊರಿಗೆ ಊರೇ ಸೇರಿಸಿ ಗೆದ್ದ ಕಪ್ಪು ತಮ್ಮದಲ್ಲವೆಂದು ಮಗನೇ ಪರರ ಮನೆಯಲ್ಲಿ ಹೇಳುತ್ತಿದ್ದಾನೆ. ಎದ್ದರು. ಶಾಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ನೀನು ಬಸ್ಸಿಗೆ ಬಾ" ಎಂದು ಮಗನಿಗೆ ಹೇಳಿ, ಅಣ್ಣನನ್ನು ಕರೆದುಕೊಂಡು ಕಾರು ಹತ್ತಿ ಹೋದರು.

ಅಕ್ಕ ಗೋಡೆಗೆ ಒರಗಿ ಕುಳಿತಳು. ಗಿರೀಶ ಅವಳಿಗೆ ಕೈಮುಗಿದು, ಚಪ್ಪಲಿ ಮೆಟ್ಟಿ, ಹೊರಟ. ಅವನು ಬೀದಿಯ ತಿರುವು ದಾಟುವ ಹೊತ್ತಿಗೆ ಶೈಲಾ ಒಳಗಿನಿಂದ ಬಂದು, ಯಾರನ್ನೂ ಕೇಳದೆ, ಅವನ ಹಿಂದೆಯೇ ಹೋದಳು.

ನಾನು ಇನ್ನೊಂದು ದಾರಿಯಿಂದ ಅಂಗಡಿಗೆ ಓಡಿದೆ. ಅಂಗಡಿಯಿಂದ ಬಸ್ ಸ್ಟ್ಯಾಂಡ್ ಪೂರ್ತಿ ಕಾಣುತ್ತದೆ. ರಫೀಕ್ ಅಲ್ಲೇ ಕಟ್ಟೆಯ ಮೇಲೆ ಕುಳಿತಿದ್ದ. ಸೊರಬದ ಬಸ್ಸು ನಿಲ್ಲುವ ಜಾಗದಲ್ಲಿ ಇಬ್ಬರೂ ನಿಂತಿದ್ದರು, ನಡುವೆ ಮಾರು ದೂರ ಬಿಟ್ಟು. ಮಾತು ಕೇಳಿಸುತ್ತಿರಲಿಲ್ಲ. ಜೀವಮಾನದಲ್ಲಿ ಅಷ್ಟು ಆತಂಕದಿಂದ ನಾನು ಯಾವ ಆಟವನ್ನೂ ನೋಡಿಲ್ಲ. ಬಸ್ಸು ಬಂತು, ಹೋಯಿತು. ಗಿರೀಶ ಹತ್ತಲಿಲ್ಲ. ಶೈಲಾ ಏನೋ ಕೇಳಿದಳು. ಅವನು ತಲೆ ಅಲ್ಲಾಡಿಸಿದ. ಅವಳು ತಿರುಗಿ ಹೊರಟಳು. ನಾನು ಬೆನ್ನು ತಿರುಗಿಸಿದೆ, ತಡೆಯಲಾರದೆ ಮತ್ತೆ ನೋಡಿದೆ. ಕಡಲೆಕಾಯಿ ಗಾಡಿಯವರೆಗೂ ಬಂದವಳು ಮತ್ತೆ ವಾಪಸ್ ಹೋದಳು.

"ಎಕ್ಸ್‌ಟ್ರಾ ಟೈಮ್ ಅಣ್ಣಾ" ಎಂದ ರಫೀಕ್, ಪಿಸುದನಿಯಲ್ಲಿ.

ಇನ್ನೊಂದು ಬಸ್ಸೂ ಹೋಯಿತು. ಮೂರನೆಯದಕ್ಕೆ ಗಿರೀಶ ಹತ್ತಿದ. ಶೈಲಾ ರಸ್ತೆ ದಾಟಿ ಅಂಗಡಿಗೆ ಬಂದು ಸ್ಟೂಲ್ ಎಳೆದುಕೊಂಡು ಕುಳಿತಳು.

"ಏನಂದೆ?" ಎಂದು ಕೇಳಿದೆ.

"ಯಾಕೆ ಇಲ್ಲ ಅಂದ್ರಿ ಅಂತ ಕೇಳ್ದೆ."

"ಅವ್ನೇನಂದ?"

"ಗೊತ್ತಿಲ್ಲ ಅಂದ್ರು. ಬಾಯಿಗೆ ಬಂದುಬಿಡ್ತಂತೆ."

"ಅಷ್ಟೇನಾ?"

"ಅಷ್ಟೇ. ಏನಾದ್ರೂ ನೆಪ ಹೇಳಿದ್ದಿದ್ರೆ ಮೊದಲ್ನೇ ಬಸ್ಸಿಗೇ ಹತ್ತಿಸ್ತಿದ್ದೆ ಮಾವ." ಸ್ಟೂಲಿನಿಂದ ಎದ್ದು, "ರೆಫರಿ ಮೇಷ್ಟ್ರಿಗೂ ಹೇಳಿ ಬನ್ನಿ, ಆಮೇಲೆ ಮಾತಾಡೋಣ ಅಂದಿದೀನಿ" ಎಂದಳು.

ಅವನು ಹೇಳಿದ. ಮೇಷ್ಟ್ರಿಗೂ ಹೇಳಿದ, ತನ್ನ ತಂಡದವರಿಗೂ ಹೇಳಿದ. ಮೇಷ್ಟ್ರು ಬೆನ್ನು ತಟ್ಟಿದರಂತೆ. ತಂಡದವರು ತಟ್ಟಲಿಲ್ಲ. ಕಪ್ಪು ಸೊರಬದಲ್ಲೇ ಉಳಿಯಿತು, ಗಿರೀಶ ತಂಡದಲ್ಲಿ ಉಳಿಯಲಿಲ್ಲ. ಮುಂದಿನ ವರ್ಷ ಅವನ ಜಾಗದಲ್ಲಿ ಬೇರೆಯವನು ಆಡಿದ. ಆಡುತ್ತಿದ್ದವನು ಆಟ ನೋಡುವವನಾಗುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತಾಗಿದ್ದು ಅವನನ್ನು ನೋಡಿದ ಮೇಲೆ. ಗೆರೆಯ ಹೊರಗೆ ನಿಂತು ಅವನ ಕಾಲು ತಾನೇ ತಾನಾಗಿ ಒದೆಯುತ್ತಿತ್ತು.

ವೀರಭದ್ರಪ್ಪನವರು ಯುಗಾದಿಯವರೆಗೂ ಮಗನ ಜೊತೆ ಮಾತು ಬಿಟ್ಟಿದ್ದರು. ಬೇವುಬೆಲ್ಲ ಕೊಡುವಾಗ ಮಾತಾಡದೆ ಇರಲಾಗಲಿಲ್ಲವೋ ಏನೋ, ಆಮೇಲೆ ಅವರೇ ಅಕ್ಕನಿಗೆ ಫೋನ್ ಮಾಡಿದರು. ವೈಶಾಖದಲ್ಲಿ ಮದುವೆಯಾಯಿತು. ರಫೀಕನ ಬ್ಯಾಂಡು, ನಮ್ಮ ಗೋಲಿಯ ಹೋಳಿಗೆ. ಧಾರೆಯಾದ ಮೇಲೆ ಗಂಡನ ಹೆಸರು ಹೇಳಿಸುವ ಶಾಸ್ತ್ರ ಬಂದಾಗ ಶೈಲಾ ನಾಚುತ್ತಾಳೇನೋ ಎಂದು ಹೆಂಗಸರು ಕಾದಿದ್ದರು. "ಅವಳಿಗ್ಯಾಕೆ ಹೇಳಿಸ್ತೀರಿ, ಸೊರಬಕ್ಕೆಲ್ಲ ಕೇಳೋ ಹಂಗೆ ಆಗ್ಲೇ ಹೇಳಿ ಆಗಿದೆ" ಎಂದರು ವೀರಭದ್ರಪ್ಪನವರು. ಚಪ್ಪರವೆಲ್ಲ ನಕ್ಕಿತು. ನನಗೆ ಆ ಮನುಷ್ಯರ ಮೇಲೆ ಪ್ರೀತಿ ಹುಟ್ಟಿದ್ದು ಆಗ.

ಈಗ ಕಾಲ ಬೇರೆಯಾಗಿದೆ. ಪತ್ರಿಕೆಯನ್ನು ಮೊಬೈಲಿನಲ್ಲೇ ಕಳಿಸುತ್ತಾರೆ, ಹಾಗಾಗಿ ನನಗೆ ಹನ್ನೆರಡು ತಿಂಗಳೂ ಹೆಚ್ಚುಕಡಿಮೆ ಶೂನ್ಯಮಾಸವೇ. ನಮ್ಮ ಬಳಗಕ್ಕೆ ಆಗೀಗ ಗೋಲು ಬರುತ್ತದೆ, ಇಲ್ಲವೆಂದಲ್ಲ. ಬಂದಾಗ ಕೂಗುತ್ತೇನೆ. ಆದರೆ ಮೊದಲು ಚಡಪಡಿಕೆ ಎಂದರೆ ಗೋಲು ಆಗಲಿಲ್ಲವೆಂಬ ಚಡಪಡಿಕೆ ಮಾತ್ರ ಎಂದುಕೊಂಡಿದ್ದೆ, ಈಗ ಅಷ್ಟೇ ಅಲ್ಲವೆಂದು ಗೊತ್ತಾಗಿದೆ. ಶೈಲಾ ಸೊರಬದಲ್ಲಿ ತನ್ನದೇ ಕನ್ನಡಕದ ಅಂಗಡಿ ಇಟ್ಟಿದ್ದಾಳೆ. ಆಟದ ದಿನ ಗಂಡ ಹೆಂಡತಿ ಯಾವ ಬದಿಗೂ ಸೇರದೆ ಗೋಲಿನ ಹಿಂದೆ ನಿಲ್ಲುತ್ತಾರೆ. ಅವರ ಪುಟ್ಟ ಮಗಳು ತಾತ ವೀರಭದ್ರಪ್ಪನವರ ಹೆಗಲೇರಿ ಸೊರಬಕ್ಕೆ ಜೈ ಎನ್ನುತ್ತಾಳೆ. ಅದು ಕೇಳಿದಾಗ ನನಗೆ ಸಿಟ್ಟು ಬರಬೇಕು, ಬರುವುದಿಲ್ಲ. ಸೊರಬದವರ ಚೆಂಡು ನಮ್ಮ ಗೋಲಿನ ಕಡೆ ಬಂದಾಗ ಈಗಲೂ ಬೆನ್ನು ತಿರುಗಿಸುತ್ತೇನೆ. ಒಳಗೆ ಹೋಗಲಿ ಎಂದೋ ಹೋಗದಿರಲಿ ಎಂದೋ ಒಂದು ಕ್ಷಣ ನನಗೇ ತಿಳಿಯುವುದಿಲ್ಲ.

ಇವತ್ತೂ ಸೊರಬದಲ್ಲೇ ಆಟ. ಟೆಂಪೋ ಬೇಗ ಹೊರಟುಹೋಗಿದೆ, ಬಸ್ಸಿಗೆ ಬಂದೆ. ಬಸ್ಸು ತುಂಬಿದೆ. ಕಿಟಕಿಯ ಪಕ್ಕ ಕುಳಿತಿದ್ದ ಕಾಲೇಜು ಹುಡುಗಿಯೊಬ್ಬಳು ಎದ್ದು, "ಕೂತ್ಕೊಳ್ಳಿ ಅಜ್ಜಾ" ಎಂದಳು. ಅಜ್ಜಾ ಎಂದು ನನ್ನನ್ನು ಹೊರಗಿನವರು ಕರೆದದ್ದು ಇದೇ ಮೊದಲು.

"ಬ್ಯಾಡಮ್ಮ, ನೀನೇ ಕೂತ್ಕೋ. ಫುಟ್‌ಬಾಲಿಗೆ ಹೊಂಟೀನಿ" ಎಂದೆ.

ನನ್ನನ್ನು ಅಡಿಯಿಂದ ಮುಡಿಯವರೆಗೂ ನೋಡಿದಳು. "ಆಡೋಕಾ?"

"ಅಲ್ಲ. ನೋಡೋಕೆ."

"ನೋಡೋಕೆ ಇಲ್ಲಿಂದಲೇ ನಿಂತ್ಕೋಬೇಕಾ ಅಜ್ಜಾ?"

ಹೌದು ಎಂದೆ. ಬಸ್ಸು ಹೊರಟಿತು.